ಸೊಲ್ಲಾಪುರ ಚಾದರದಿಂದ ಅರ್ಧವೃತ್ತದ ರಾಜಹೊದಿಕೆ

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳ ಸ್ನೇಹಸಮ್ಮೇಳನದಲ್ಲಿ ರಾಜನ ಪಾತ್ರಕ್ಕೆ ಬಾಡಿಗೆಯ ಸ್ಯಾಟಿನ್ ಹೊದಿಕೆ ತರುವ ಬದಲು ನಮ್ಮೂರಿನ ಹತ್ತಿಯ ಚಾದರವನ್ನೇ ಬಳಸುವುದು ಎಷ್ಟೋ ಉತ್ತಮ. ಅದರ ತೂಕದಿಂದ ನೆರಿಗೆಗಳು ಗಂಭೀರವಾಗಿ ಬೀಳುತ್ತವೆ; ಎರಡೂ ಮುಖಗಳಲ್ಲಿ ವಿನ್ಯಾಸ ಕಾಣುವುದರಿಂದ ಒಳಗೆ ಅಸ್ತರಿನ ಬಟ್ಟೆಯೂ ಬೇಕಾಗುವುದಿಲ್ಲ. ಅರ್ಧವೃತ್ತದ ಆಕಾರ ಬಹಳ ಹಳೆಯದು. ಸಿಸಿಲಿಯ ಅರಸ ಎರಡನೆಯ ರೋಜರ್‌ಗಾಗಿ ಪಲೆರ್ಮೊದಲ್ಲಿ 1133-34ರಲ್ಲಿ ತಯಾರಾದ, ಈಗ ವಿಯೆನ್ನಾದಲ್ಲಿರುವ ಕೆಂಪು ರೇಷ್ಮೆಯ ಹೊದಿಕೆಯೂ ಇದೇ ಆಕಾರದ್ದು.

60 ಇಂಚು ಅಗಲ, 90 ಇಂಚು ಉದ್ದದ ಚಾದರವನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಹತ್ತಿ ಕುಗ್ಗುವುದರಿಂದ ಅಳತೆಯನ್ನು ಆಮೇಲೆಯೇ ತೆಗೆಯಬೇಕು. ಉದ್ದ 88 ಇಂಚು ಉಳಿದಿದೆ ಎಂದುಕೊಳ್ಳೋಣ. ಉದ್ದವನ್ನು ಅರ್ಧಕ್ಕೆ ಮಡಚಿ, ಮಡಿಕೆಯೂ ನೇಯ್ಗೆಯ ಅಂಚೂ ಕೂಡುವ ಮೂಲೆಯಲ್ಲಿ ದಾರದ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ, 44 ಇಂಚಿನ ದೊಡ್ಡ ಕಮಾನನ್ನೂ ಕೊರಳಿಗಾಗಿ ಐದೂವರೆ ಇಂಚಿನ ಚಿಕ್ಕ ಕಮಾನನ್ನೂ ಎಳೆಯಬೇಕು. ಕೊರಳಿನ ಸುತ್ತಳತೆ ಸುಮಾರು 17 ಇಂಚು, ಹೊದಿಕೆಯ ಉದ್ದ ಮೂವತ್ತೆಂಟೂವರೆ ಇಂಚು ಆಗುತ್ತದೆ. ನೇಯ್ಗೆಯ ಅಂಚೇ ಮುಂಭಾಗದ ನೇರ ಅಂಚಾಗುವುದರಿಂದ ಅಲ್ಲಿ ಹೊಲಿಗೆಯ ಅಗತ್ಯವೇ ಇಲ್ಲ.

ಚಾದರದ ಎಳೆಗಳು ಬೇಗ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಕತ್ತರಿಸುವ ಮೊದಲೇ ಮಡಿಕೆ ಬಿಚ್ಚಿ, ಗುರುತು ಇನ್ನೊಂದು ಅರ್ಧಕ್ಕೂ ಬರುವಂತೆ ಮಾಡಿ, ಎರಡೂ ಗೆರೆಗಳ ಪಕ್ಕದಲ್ಲಿ, ಹೊದಿಕೆಯಾಗಿ ಉಳಿಯುವ ಬದಿಗೆ, ಒಂದೊಂದು ಸಾಲು ಹೊಲಿಗೆ ಹಾಕಬೇಕು. ಹೊಲಿಗೆ ಯಂತ್ರಕ್ಕೆ 16 ಅಥವಾ 18ನೇ ನಂಬರಿನ ಸೂಜಿ ಬೇಕು, ಹೊಲಿಗೆ ಉದ್ದವಾಗಿರಲಿ. ಕತ್ತರಿಸಿದ ಮೇಲೆ ಹೊದಿಕೆಯನ್ನು ಒಂದು ರಾತ್ರಿ ಕೊರಳಿನ ಭಾಗದಿಂದ ತೂಗುಹಾಕಬೇಕು. ಓರೆ ಎಳೆಗಳಿರುವ ಕಡೆ ಬಟ್ಟೆ ಹಿಗ್ಗಿ ಕೆಳಗಿಳಿಯುತ್ತದೆ. ಈ ಹಂತವನ್ನು ಬಿಟ್ಟವರ ಹೊದಿಕೆ ವೇದಿಕೆಯ ಮೇಲೆ ಅಂಕುಡೊಂಕಾಗಿ ಕಾಣುವುದು ಖಚಿತ. ಬೆಳಿಗ್ಗೆ ಅಂಚನ್ನು ಸಮನಾಗಿ ಕತ್ತರಿಸಿ, ಸುಮಾರು 138 ಇಂಚಿನ ಆ ಅಂಚಿಗೆ ತೆಳುವಾದ ಹತ್ತಿಬಟ್ಟೆಯ ಓರೆಪಟ್ಟಿ (ಎಳೆಗಳಿಗೆ ಓರೆಯಾಗಿ ಕತ್ತರಿಸಿದ ಪಟ್ಟಿ) ಕೂಡಿಸಬೇಕು.

ಉಳಿದ ತುಂಡಿನಿಂದ 19 ಇಂಚು ಉದ್ದ, 4 ಇಂಚು ಅಗಲದ ಪಟ್ಟಿಯನ್ನು ಕತ್ತರಿಸಿ ಕೊರಳಿಗೆ ಕೂಡಿಸಬೇಕು. ಇಷ್ಟು ಭಾರವನ್ನು ಒಂದೇ ಗುಂಡಿಯ ಮೇಲೆ ಬಿಟ್ಟರೆ ಮಗುವಿನ ಕುತ್ತಿಗೆಗೆ ಒತ್ತುತ್ತದೆ. ಕೊರಳಪಟ್ಟಿಯ ಎರಡೂ ತುದಿಗಳ ಒಳಗೆ ಉದ್ದನೆಯ ಲಾಡಿಗಳನ್ನು ಹೊಲಿದು, ಎದೆಯ ಮೇಲೆ ಅಡ್ಡಹಾಯಿಸಿ, ಕಂಕುಳಿನ ಕೆಳಗಿನಿಂದ ಬೆನ್ನಿಗೆ ಒಯ್ದು ಹೊದಿಕೆಯ ಒಳಗೇ ಕಟ್ಟಿದರೆ ಭಾರವನ್ನು ಹೆಗಲು ಹೊರುತ್ತದೆ.