ಬೇವಿನೆಲೆಯಿಂದ ಬೆಳ್ಳಿ ನ್ಯಾನೋ ಕಣ: ಮೊದಲು ನೀರು ನೋಡಿಕೊಳ್ಳಿ

ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್ ಕರಗಿಸಿದ ನೀರಿಗೆ ಬೇವಿನೆಲೆ ರಸ ಬೆರೆಸಿದರೆ ಬೆಳ್ಳಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತದೆ, ಅವೇ ನ್ಯಾನೋ ಕಣ. ಆಗ ನೀರು ಕಂದಾಗಬೇಕು. ಈ ಪ್ರಾಜೆಕ್ಟ್ ಶುರುವಾದರೆ ಚಿಕ್ಕಬಳ್ಳಾಪುರದ ನಮ್ಮ ಲ್ಯಾಬಿನಲ್ಲಿ ಒಂದೇ ದೂರು: ‘ಸರ್, ಕಂದು ಬಣ್ಣ ಬರಲಿಲ್ಲ, ಮಜ್ಜಿಗೆ ಥರ ಆಯ್ತು.’ ಮಕ್ಕಳು ಎಲೆಯನ್ನು ಬೈಯುತ್ತಾರೆ. ತಪ್ಪು ನೀರಿನದು.

ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನಲ್ಲೂ ಇರುವ ಅಂಶ, ಇರುತ್ತದೆ. ಸಿಲ್ವರ್ ನೈಟ್ರೇಟ್ ಬಿದ್ದ ಕೂಡಲೇ ಬೆಳ್ಳಿ ಅದರ ಜೊತೆ ಸೇರಿ ಬಿಳಿ ಪುಡಿಯಾಗಿ ತಳ ಹಿಡಿಯುತ್ತದೆ. ಎಲೆ ರಸಕ್ಕೆ ಬೆಳ್ಳಿಯೇ ಸಿಗುವುದಿಲ್ಲ. ಹಾಗಾಗಿ ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ಫಿಲ್ಟರ್ ನೀರು ಸಾಲದು. ಬೀಕರ್, ಪಿಪೆಟ್, ಎಲೆ, ಎಲ್ಲವನ್ನೂ ಕೊನೆಯ ಸಲ ಡಿಸ್ಟಿಲ್ಡ್ ವಾಟರಿನಲ್ಲೇ ಜಾಲಿಸಿ. ನಲ್ಲಿಯಲ್ಲಿ ತೊಳೆದು ಬೋರಲು ಹಾಕಿದ ಬೀಕರ್‌ನಲ್ಲೂ ಉಪ್ಪಿನಂಶ ಅಂಟಿರುತ್ತದೆ. ಅಂಗಡಿಯ ಬ್ಯಾಟರಿ ನೀರನ್ನು ಸುಮ್ನೆ ನಂಬಬೇಡಿ, ಒಂದು ಕ್ಯಾನ್ ನನಗೇ ಕೈಕೊಟ್ಟಿದೆ. ಟೆಸ್ಟ್ ಟ್ಯೂಬಿಗೆ ಸ್ವಲ್ಪ ನೀರು, ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಹಿಂದೆ ಕಪ್ಪು ಕಾಗದ ಹಿಡಿದು ನೋಡಿ. ಮಂಜು ಕವಿದಂತೆ ಕಂಡರೆ ಕ್ಯಾನಿನಲ್ಲಿ ಉಳಿದ ನೀರು ಗಿಡಕ್ಕೆ.

ಎಲೆ ಬೇವಿನದೇ ಇರಲಿ ಅಂತ ನನ್ನ ಹಟ. ಶಿಡ್ಲಘಟ್ಟದವರು ಹಿಪ್ಪುನೇರಳೆ ಸೊಪ್ಪು ತರುತ್ತಾರೆ, ಅದೂ ಆಗುತ್ತದೆ. ಔಷಧಿ ಹೊಡೆದಿರಬಾರದು ಅಷ್ಟೇ. 10 ಗ್ರಾಂ ಎಲೆ ಹೆಚ್ಚಿ, 100 ಮಿ.ಲೀ. ನೀರಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಫಿಲ್ಟರ್ ಪೇಪರ್‌ನಲ್ಲಿ ಸೋಸಿ.

ಸಿಲ್ವರ್ ನೈಟ್ರೇಟ್ 1 ಮಿಲಿಮೋಲಾರ್ ಸಾಕು. ಅಂದರೆ 100 ಮಿ.ಲೀ.ಗೆ 17 ಮಿಲಿಗ್ರಾಂ. ಅಷ್ಟು ಚೂರನ್ನು ಸಾದಾ ತಕ್ಕಡಿಯಲ್ಲಿ ತೂಗಲು ಹೋಗಬೇಡಿ. 170 ಮಿಲಿಗ್ರಾಂ ಕರಗಿಸಿ 100 ಮಿ.ಲೀ. ಮಾಡಿಕೊಳ್ಳಿ, ಅದರಲ್ಲಿ 10 ಮಿ.ಲೀ. ತೆಗೆದು, ನೀರು ಸೇರಿಸಿ ಮತ್ತೆ 100ಕ್ಕೆ ತುಂಬಿಸಿ. ಗ್ಲೌಸ್ ಹಾಕಿಕೊಳ್ಳಿ. ಬೆರಳಿಗೆ ತಾಗಿದರೆ ಕಪ್ಪು ಕಲೆ, ಸೋಪಿಗೂ ಬಗ್ಗುವುದಿಲ್ಲ.

ಹೀಗೆ ತೆಳುವಾಗಿಸಿದ ಸಿಲ್ವರ್ ನೈಟ್ರೇಟ್ ನೀರಿನ 90 ಮಿ.ಲೀ.ಗೆ ಎಲೆ ರಸ 10 ಮಿ.ಲೀ. ಬೆರೆಸಿ, ಕತ್ತಲಲ್ಲಿಡಿ. ಬಿಸಿಲಿಗಿಟ್ಟರೆ ಬೇಗ ಆಗುತ್ತದೆ, ನಿಜ. ಆದರೆ ಬೆಳ್ಳಿಯ ಲವಣ ಬೆಳಕಿಗೂ ಬಣ್ಣ ತಿರುಗುತ್ತದೆ. ಕೆಲಸ ಮಾಡಿದ್ದು ಬೇವೋ ಬಿಸಿಲೋ, ಹೇಗೆ ಹೇಳ್ತೀರಿ? ಹೋಲಿಸಿ ನೋಡಲು ಪಕ್ಕದಲ್ಲಿ ರಸ ಹಾಕದ ಸಿಲ್ವರ್ ನೈಟ್ರೇಟ್ ಬಾಟಲಿ ಒಂದು, ಬರೀ ರಸದ್ದು ಇನ್ನೊಂದು ಇರಲಿ. ತಿಳಿ ಹಳದಿ ನಿಧಾನವಾಗಿ ಕಂದಾಗುತ್ತದೆ. ಕೆಲವೊಮ್ಮೆ ಗಂಟೆಯೊಳಗೆ, ಕೆಲವೊಮ್ಮೆ ಮಾರನೇ ದಿನ. ಬಣ್ಣ ಕಂಡ ಕೂಡಲೇ ಗೆದ್ದೆವು ಅನ್ನಬೇಡಿ. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಗೆರೆ ಎಳೆದು ತೋರಿಸುವ ಯುವಿ-ವಿಸಿಬಲ್ ಯಂತ್ರದಲ್ಲಿ, ಬೆಳಕಿನ ಅಲೆಯ ಉದ್ದ 400ರಿಂದ 450 ನ್ಯಾನೋಮೀಟರ್ ಇರುವ ಕಡೆ ಗುಡ್ಡದಂಥ ಗೆರೆ ಎದ್ದರೆ ಮಾತ್ರ ಬರೆದುಕೊಳ್ಳಿ.

ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ಬೆಳ್ಳಿ ಕೆರೆಯ ಮೀನಿಗೆ ವಿಷ. ನಮ್ಮಲ್ಲಿ ಅದಕ್ಕೆಂದೇ ಚೀಟಿ ಅಂಟಿಸಿದ ಕಂದು ಬಾಟಲಿ ಇದೆ.