ತಾಟಿನುಂಗು: ಆರಿಸುವುದು, ಬಿಡಿಸುವುದು, ಮದ್ದೆಂದು ಎಷ್ಟು ನಂಬುವುದು

ಬೇಸಿಗೆ ಶುರುವಾದರೆ ರಸ್ತೆ ಬದಿಯಲ್ಲಿ ತಾಟಿನುಂಗಿನ, ಅಂದರೆ ತಾಳೆ ಮರದ ಎಳೆ ಕಾಯಿಯ, ಗೊನೆಗಳು ಕಾಣಿಸುತ್ತವೆ. ಮಂಗಳೂರಿನ ಕಡೆ ಇದೇ ಈರೋಳು. 'ಶುಗರ್‌ಗೆ ಒಳ್ಳೇದು' ಎಂದು ಕೊಳ್ಳುವವರೂ ಇದ್ದಾರೆ. ಮೊದಲು ಕಾಯಿ ಬಿಡಿಸೋಣ, ಮದ್ದಿನ ಮಾತು ಆಮೇಲೆ.

ತಾಳೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಹೂ ಬರಲು ಸಾಮಾನ್ಯವಾಗಿ 12ರಿಂದ 20 ವರ್ಷ ಬೇಕು. ಅಲ್ಲಿಯವರೆಗೆ ಮರ ನೋಡಿ ಯಾವುದೆಂದು ಹೇಳಲಾಗದು.

ಆರಿಸುವುದು: ಕಾಯಿ ಕೆತ್ತಿಸಿ ಬೆರಳಿನಿಂದ ಒತ್ತಿ ನೋಡಿ. ನುಂಗು, ಅಂದರೆ ಕಾಯಿಯೊಳಗಿನ ಎಳೆ ಬೀಜ, ಮೆತ್ತಗಿದ್ದು ಒಳಗೆ ನೀರಿರಬೇಕು. ಕಾಯಿ ಬಲಿತಂತೆ ಆ ನೀರು ಮೊದಲು ಜೆಲ್ಲಿಯಾಗಿ, ಆಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಲಿತದ್ದು ಸುಲಭವಾಗಿ ಜೀರ್ಣವಾಗುವುದಿಲ್ಲ, ಬಿಟ್ಟುಬಿಡಿ.

ಬಿಡಿಸುವುದು: ತಲೆಯ ಭಾಗ ಕೆತ್ತಿದರೆ ಸಾಮಾನ್ಯವಾಗಿ ಮೂರು ಗುಳಿ ಕಾಣುತ್ತವೆ. ತೆಂಗಿನಕಾಯಿಗೂ ಮೂರು ಕಣ್ಣಿವೆ, ಆದರೆ ಅಲ್ಲಿ ಬೆಳೆಯುವುದು ಒಂದೇ ಬೀಜ. ಇಲ್ಲಿ ಮೂರೂ ಬೆಳೆಯುತ್ತವೆ. ಹೆಬ್ಬೆರಳಿನಿಂದ ನುಂಗನ್ನು ಮೆಲ್ಲಗೆ ಎಬ್ಬಿಸಿ, ತೆಳು ಸಿಪ್ಪೆ ಸುಲಿಯಿರಿ. ಸಿಪ್ಪೆ ಒಗರು. ಬೆವರುಸಾಲೆಗೆ ಅದನ್ನು ಉಜ್ಜುವ ರೂಢಿ ಇದೆ. ನುಂಗನ್ನು ಆದಷ್ಟು ಅದೇ ದಿನ ತಿನ್ನಿ, ಬೇಗ ಹುಳಿಯಾಗುತ್ತದೆ.

ಈಗ ಮದ್ದಿನ ಮಾತು. ಎಳೆ ನುಂಗಿನಲ್ಲಿ ಇರುವುದು ಜಾಸ್ತಿ ನೀರೇ. ಬಾಯಾರಿಕೆಗೆ ಅದಕ್ಕಿಂತ ಸೊಗಸಾದದ್ದು ಬೇಕಾ? ಆದರೆ ಸಂಶೋಧಕರ ಕಣ್ಣು ಬಿದ್ದಿರುವುದು ಪೂರ್ತಿ ಹಣ್ಣಾದ ತಾಳೆಯ ನಾರು ತುಂಬಿದ ಹಳದಿ ತಿರುಳಿನ ಮೇಲೆ. ಅದರ ಕಹಿಗೆ ಕಾರಣ ಫ್ಲಾಬೆಲಿಫೆರಿನ್ ಎಂಬ ಸಪೋನಿನ್‌ಗಳು (ನೀರಿನಲ್ಲಿ ನೊರೆ ಬರಿಸುವ ಸಸ್ಯ ಪದಾರ್ಥಗಳು). ಇವುಗಳಲ್ಲಿ ಒಂದು, ಕರುಳು ಸಕ್ಕರೆ ಹೀರುವುದನ್ನು ತಗ್ಗಿಸುತ್ತದೆ ಎಂದು ಶ್ರೀಲಂಕಾದ ಸಂಶೋಧಕರು ಇಲಿಗಳಲ್ಲಿ ಕಂಡಿದ್ದಾರೆ. ಇಲಿಗಳಲ್ಲಿ, ನೆನಪಿರಲಿ. ಹಾಗಾಗಿ ಶುಗರ್ ಇರುವವರು ನುಂಗು ತಿಂದು ಮಾತ್ರೆ ಬಿಡಬಾರದು. ಅದೂ ಅಲ್ಲದೆ, ಆ ಕಹಿ ಇರುವುದು ಹಣ್ಣಿನ ತಿರುಳಿನಲ್ಲಿ, ನಾವು ತಿನ್ನುವ ಎಳೆ ನುಂಗಿನಲ್ಲಲ್ಲ!

ಹಣ್ಣು ಸಿಕ್ಕರೆ ಸಿಪ್ಪೆ ಕಿತ್ತು, ಸ್ವಲ್ಪ ನೀರು ಹಾಕಿ ಓಟೆಗಳನ್ನು ಚೆನ್ನಾಗಿ ಹಿಸುಕಿ, ಬಟ್ಟೆಯಲ್ಲಿ ಸೋಸಿ. ಬೆಲ್ಲ ಹಾಕಿ ಕುದಿಸಿದರೆ ಕಹಿ ಅಷ್ಟಾಗಿ ಗೊತ್ತಾಗದು. ಶ್ರೀಲಂಕಾದ ಜಾಫ್ನಾದಲ್ಲಿ ಈ ತಿರುಳನ್ನು ಬಿಸಿಲಿನಲ್ಲಿ ಹಾಳೆಯಂತೆ ಒಣಗಿಸಿಡುತ್ತಾರೆ. ಉಳಿದ ಓಟೆಗಳನ್ನು ಸಡಿಲ ಮಣ್ಣಿನಲ್ಲಿ ಹೂಳಿ. ಕೆಲವು ತಿಂಗಳಲ್ಲಿ ಮೊಳಕೆ ನೆಲದೊಳಗೇ ಗೆಡ್ಡೆಯಾಗುತ್ತದೆ. ತಮಿಳುನಾಡಿನಲ್ಲಿ ಪೊಂಗಲ್ ಹೊತ್ತಿಗೆ ಅದನ್ನು ಬೇಯಿಸಿ, ನಾರು ತೆಗೆದು ತಿನ್ನುತ್ತಾರೆ.