ಕೂಲರ್ ಎದುರಿನ ಫೋಟೊ

ಕಲಬುರಗಿಯಲ್ಲಿ ಯಾರ ಮನೆಯ ಫೋಟೊ ಮಾಸಿದರೂ ತಪ್ಪು ಬಿಸಿಲಿನದೇ. ಸೂಪರ್ ಮಾರ್ಕೆಟ್ ಹತ್ತಿರ ಹದಿನೆಂಟು ವರ್ಷದಿಂದ ಸ್ಟುಡಿಯೊ ನಡೆಸುತ್ತಿರುವ ನಾನೂ ಗಿರಾಕಿಗಳಿಗೆ ಇದನ್ನೇ ಹೇಳಿ ಸಾಗಹಾಕುತ್ತಿದ್ದೆ. ಮೂರು ವರ್ಷದ ಹಿಂದೆ ಮದುವೆಯ ದೊಡ್ಡ ಪ್ರಿಂಟೊಂದು ಎಂಟೇ ತಿಂಗಳಲ್ಲಿ ವಾಪಸು ಬಂತು. ವಧುವಿನ ಹಸಿರು ಸೀರೆ ಹಳದಿಯಾಗಿತ್ತು, ವರನ ಮುಖ ಇಟ್ಟಿಗೆಯಂತೆ ಕೆಂಪಾಗಿತ್ತು. ಮನೆಗೇ ಹೋಗಿ ನೋಡಿದೆ. ಆ ಗೋಡೆಗೆ ಬಿಸಿಲು ಸೋಕುವ ಮಾತೇ ಇರಲಿಲ್ಲ. ಎದುರಿನ ಕಿಟಕಿಯಲ್ಲಿ ಕೂಲರ್ ಕೂತಿತ್ತು. ಅದೇ ಕಾಗದ, ಅದೇ ಶಾಯಿಯ ಇನ್ನೊಂದು ಪ್ರತಿ ಹುಡುಗಿಯ ತವರಿನಲ್ಲಿ ಗಾಜಿನ ಹಿಂದೆ ನಿನ್ನೆ ತೆಗೆದಂತಿತ್ತು.

"ಕಾಕಾ, ನಲವತ್ತಮೂರು ಡಿಗ್ರಿಯ ಊರಿನಲ್ಲಿ ಇನ್ನೇನಾಗುತ್ತದೆ? ಪಿಗ್ಮೆಂಟ್ ಪ್ರಿಂಟರ್ ತೆಗೆದುಕೊಂಡು ಬಿಡಿ" ಎಂದು ಪಕ್ಕದ ಸ್ಟುಡಿಯೊದ ಹುಡುಗ ನಕ್ಕ. ಬಣ್ಣದ ಪುಡಿಯ ಆ ಶಾಯಿ ಬೇಗ ಮಾಸದು, ಆದರೆ ದುಬಾರಿ. ಅಷ್ಟು ದುಡ್ಡಿದ್ದರೆ ನಾನೇಕೆ ಕರಗಿದ ಬಣ್ಣದ ಅಗ್ಗದ ಡೈ ಶಾಯಿಯಲ್ಲಿ ಒದ್ದಾಡುತ್ತಿದ್ದೆ?

ಬಿಸಿಲಲ್ಲದಿದ್ದರೆ ತೇವವೋ ಗಾಳಿಯೋ ನೋಡೇಬಿಡೋಣವೆಂದು ನಾಲ್ಕು ಬಣ್ಣ, ಒಂದು ಬೂದು, ಒಂದು ಮೈಬಣ್ಣ ಇರುವ ಪಟ್ಟಿಗಳನ್ನು ಮುದ್ರಿಸಿ, ಮುಚ್ಚಳದ ನಾಲ್ಕು ಡಬ್ಬಿಗಳಲ್ಲಿಟ್ಟು, ಕಪ್ಪು ಬಟ್ಟೆ ಹೊದಿಸಿ ಬೆಳಕನ್ನೇ ಹೊರಗಿಟ್ಟೆ. ಒಂದರಲ್ಲಿ ತೇವ ಹೀರುವ ಸಿಲಿಕಾ ಜೆಲ್. ಎರಡನೆಯದರಲ್ಲಿ ಒದ್ದೆ ಉಪ್ಪು; ನೀರು ಕಡಿಮೆ ಹಾಕಿ ಉಪ್ಪು ಕರಗದೆ ಉಳಿಯುವಂತೆ ನೋಡಿಕೊಂಡರೆ ಆರ್ದ್ರತೆ ಶೇ 75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೂರನೆಯದಕ್ಕೆ ತರಕಾರಿ ತೊಳೆಯುವ ಓಝೋನ್ ಯಂತ್ರದ ನಳಿಗೆ; ಓಝೋನ್ ಎಂದರೆ ಹೊರಗಿನ ಗಾಳಿಯಲ್ಲೂ ಅಷ್ಟಿಷ್ಟು ಇರುವ ಅನಿಲ. ನಾಲ್ಕನೆಯದಕ್ಕೆ ಉಪ್ಪೂ ಓಝೋನೂ.

ಮೊದಲ ಸಲ ಎಲ್ಲವೂ ಕೆಟ್ಟಿತು. ರಾತ್ರಿ ತಂಪಾದಾಗ ಉಪ್ಪಿನ ಡಬ್ಬಿಯ ಮುಚ್ಚಳದಲ್ಲಿ ಬೆವರಿಟ್ಟ ನೀರು ಪಟ್ಟಿಗಳ ಮೇಲೆ ತೊಟ್ಟಿಕ್ಕಿತು. ಓಝೋನ್ ಡಬ್ಬಿಗೆ ಬಿಗಿದ ರಬ್ಬರ್ ಬ್ಯಾಂಡುಗಳು ಪಟ್ಟಿ ಮಾಸುವ ಮೊದಲೇ ಬಿರುಕುಬಿಟ್ಟು ಪಟಪಟ ಹರಿದವು. ಅದನ್ನು ನೋಡಿಯೇ ಅರ್ಧ ಉತ್ತರ ಸಿಕ್ಕಿತ್ತು, ನನಗೆ ಹೊಳೆಯಲಿಲ್ಲ. ಇದಕ್ಕಿಂತ ದೊಡ್ಡ ಮೂರ್ಖತನವೆಂದರೆ ಸ್ಕ್ಯಾನರಿನ ಬಣ್ಣ ತಿದ್ದುವ ಆಯ್ಕೆಯನ್ನು ಬಂದ್ ಮಾಡದೇ ಬಿಟ್ಟದ್ದು. ಮಾಸಿದ ಪಟ್ಟಿಯನ್ನೂ ಅದು ಚೆನ್ನಾಗಿ ಸರಿಪಡಿಸಿ ತೋರಿಸಿತು. ಒಂದು ತಿಂಗಳು ನೀರುಪಾಲು. ಮುಚ್ಚಿದ ಕೋಣೆಯಲ್ಲಿ ಓಝೋನ್ ನಡೆಸಿ ಎರಡು ದಿನ ತಲೆನೋವೂ ತಂದುಕೊಂಡೆ. ಆಮೇಲೆ ಡಬ್ಬಿಗಳನ್ನು ಮಾಳಿಗೆಯ ನೆರಳಿಗೆ ಸಾಗಿಸಿದೆ.

ಎರಡನೆಯ ಸಲ ಲೆಕ್ಕ ಕೂಡಿಬಂತು. ಸಿಲಿಕಾ ಪಟ್ಟಿ ಎರಡು ತಿಂಗಳಾದರೂ ಹಾಗೇ ಇತ್ತು. ಉಪ್ಪಿನದು ಮಾಸಲಿಲ್ಲ, ಆದರೆ ಮಜೆಂಟಾ (ನೇರಳೆಗೆಂಪು) ಬಿಳಿಯ ಅಂಚಿಗೆ ಹರಡಿಕೊಂಡಿತು. ಓಝೋನ್ ಡಬ್ಬಿಯಲ್ಲಿ ಹನ್ನೆರಡು ದಿನಕ್ಕೆ ಸಯಾನ್ (ಹಸಿರುನೀಲಿ) ಮೂರರಲ್ಲಿ ಒಂದು ಪಾಲು ಕಳೆದಿತ್ತು, ಬೂದು ಕೆಂಪಗಾಗಿತ್ತು. ಎರಡೂ ಇದ್ದಲ್ಲಿ ವಾರಕ್ಕೇ ಆ ಗತಿ. ಎಲ್ಲವೂ ಕತ್ತಲಲ್ಲಿ! ಹೊರಗಿನ ಗಾಳಿಯನ್ನು ಎಳೆದು, ಒದ್ದೆ ಮಾಡಿ, ಫೋಟೊದ ಮುಖಕ್ಕೆ ಬೀಸುವ ಕೂಲರ್ ನನ್ನ ನಾಲ್ಕನೆಯ ಡಬ್ಬಿಯ ದೊಡ್ಡಣ್ಣನೇ.

ನಡುವೆ ಒಂದು ಪಟ್ಟಿಯನ್ನು ಓಝೋನ್ ಬಿಡುವ ಹಳೆಯ ಝೆರಾಕ್ಸ್ ಯಂತ್ರದ ಹಿಂದೆ ಅಂಟಿಸಿದ್ದೆ, ಅದೂ ಬೇಗ ಕೆಂಪಾಯಿತು. ಇನ್ನೊಂದನ್ನು ಮನೆಯ ತೊಗರಿ ಬೇಳೆ ಡಬ್ಬಿಯಲ್ಲಿ ಹುದುಗಿಸಿದ್ದೆ. ಬೈಗುಳ ತಿಂದು ಹೊರತೆಗೆದಾಗ ಅದರ ಬಣ್ಣ ಒಂದಿಷ್ಟೂ ಕದಲಿರಲಿಲ್ಲ. ಹಳೆಯ ದಾಸ್ತಾನಿನ, ಶಾಯಿ ಹೀರಿ ಉಬ್ಬುವ ಲೇಪದ ಕಾಗದ ಓಝೋನಿಗೆ ಜಗ್ಗಲಿಲ್ಲ. ಉಪ್ಪಿನ ಡಬ್ಬಿಯಲ್ಲಿ ಮಾತ್ರ ಬೆರಳಿಗೇ ಅಂಟಿಬಂತು.

ಓಝೋನ್ ಯಂತ್ರಕ್ಕೆ ಸಾವಿರದ ಎಂಟುನೂರು, ಆರ್ದ್ರತೆಯ ಮೀಟರುಗಳಿಗೆ ಸಾವಿರದಷ್ಟು, ಕಾಗದ ಶಾಯಿ ಸೇರಿ ಎಲ್ಲ ಹತ್ತು ಸಾವಿರದ ಹತ್ತಿರ ಹೋಯಿತು. ಅದಕ್ಕೂ ಮೊದಲು ಒಂದೇ ವರ್ಷ ಪುಕ್ಕಟೆ ಮರುಮುದ್ರಣಕ್ಕೆ ಇದಕ್ಕಿಂತ ಹೆಚ್ಚು ಕಳೆದುಕೊಂಡಿದ್ದೆ.

ಈಗ ಪ್ರಿಂಟನ್ನು ಇಡೀ ಒಂದು ದಿನ ಒಣಗಿಸಿ, ಬಣ್ಣ ಕಾಯುವ ಸ್ಪ್ರೇ ಹೊಡೆದು, ಗಾಜಿಗೆ ತಾಗದಂತೆ ಅಂಚು ಕೊಟ್ಟು, ಹಿಂಬದಿಯನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚುತ್ತೇನೆ. ಸ್ಪ್ರೇ ಯಾವುದು, ಎಷ್ಟು ಸಲ ಎಂಬುದನ್ನು ಬರೆಯುವುದಿಲ್ಲ, ಬೇಸರಪಡಬೇಡಿ. ಕಳೆದ ಶರಣಬಸವೇಶ್ವರ ಜಾತ್ರೆಗೆ ನೂರೈವತ್ತು ಫ್ರೇಮು ಕೊಟ್ಟಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ವಾಪಸು ಬಂದವು. ಒಂದರ ಗಾಜು ಒಡೆದಿತ್ತು. ಇನ್ನೊಂದನ್ನು ಬಿಚ್ಚಿದರೆ ನಮ್ಮ ಕೆಲಸದ ಹುಡುಗ ಹಿಂದೆ ಟೇಪನ್ನೇ ಹಚ್ಚಿರಲಿಲ್ಲ.